ಇಪ್ಪತ್ತನಾಲ್ಕು ಸಾಲಿನ ಹಜಾರ

ಅವಳು ಕೋಣೆಯ ನೆಲ ಒರೆಸುತ್ತಿದ್ದಳು. ಹೊಸದಾಗಿ ಕೂರಿಸಿದ ಟೈಲ್ಸ್‌ಗಳ ಸಂದಿಯಿಂದ ಉಕ್ಕಿದ ಸಿಮೆಂಟನ್ನು ಒಣಗುವ ಮೊದಲೇ ತೆಗೆಯಬೇಕು. ಉದ್ದಕ್ಕೆ ಹನ್ನೆರಡು ಸಾಲು, ಅಗಲಕ್ಕೆ ಹನ್ನೆರಡು. ಕೋಣೆಗೆ ಹಿಡಿದದ್ದು ಹನ್ನೆರಡು ಪೆಟ್ಟಿಗೆ. ಎಲ್ಲವನ್ನೂ ಹೊತ್ತು ತಂದವಳು ಅವಳೇ.

ಮೇಸ್ತ್ರಿಯಾಗಿದ್ದ ದೊಡ್ಡಪ್ಪನ ಕೈಕೆಳಗೆ ನಾಲ್ಕು ವರ್ಷದಿಂದ ಹೊರುವುದು, ಒರೆಸುವುದು, ಇಷ್ಟೇ ಅವಳ ಕೆಲಸ. ಟೈಲ್ಸ್ ಕೂರಿಸುವುದನ್ನು ಕಲಿಸಿ ಎಂದಾಗಲೆಲ್ಲ, "ಅದಕ್ಕೆ ಲೆಕ್ಕ ಬೇಕಮ್ಮ. ಹೆಣ್ಣುಮಕ್ಕಳ ತಲೆಗೆ ಹತ್ತಲ್ಲ" ಎಂದು ನಗುತ್ತಿದ್ದರು.

ಯಾವಾಗಲೂ ಅಂಗಡಿಯವರೇ ಬಂದು ಅಳೆದು ಟೈಲ್ಸ್ ಕಳಿಸುತ್ತಿದ್ದರು. ಇಂದು ಅವಸರಕ್ಕೆ ದೊಡ್ಡಪ್ಪ ಪಕ್ಕದ ಹಜಾರದಿಂದ ತಾವೇ ಫೋನು ಮಾಡಿದರು. "ಹಜಾರ ಕೋಣೆಗಿಂತ ಎರಡರಷ್ಟು ಉದ್ದ, ಎರಡರಷ್ಟು ಅಗಲ. ಇಪ್ಪತ್ನಾಲ್ಕು ಪೆಟ್ಟಿಗೆ ಕಳಿಸಿ. ಅಂಗಡೀಲಿ ಮಿಕ್ಕಿದ್ದು ಬೇರೆಯವರಿಗೆ ಕೊಟ್ಬಿಡಿ."

ಅವಳ ಕೈ ನಿಂತಿತು. ಆ ಬಣ್ಣದ ಟೈಲ್ಸ್ ಇನ್ನು ತಯಾರಾಗುವುದೇ ಇಲ್ಲ ಎಂದು ಅಂಗಡಿಯವನು ಬೆಳಿಗ್ಗೆ ಹೇಳಿದ್ದ.

"ದೊಡ್ಡಪ್ಪ, ನಲವತ್ತೆಂಟು ಬೇಕು."

"ಅಪ್ಪಾ, ಐದನೇ ಕ್ಲಾಸಿಗೇ ಸ್ಕೂಲು ಬಿಟ್ಟ ಮೇಡಂ ಪಾಠ ಶುರು ಮಾಡಿದ್ರು!" ದೊಡ್ಡಪ್ಪನ ಮಗ ಹಲ್ಲು ಕಿರಿದ. "ಹನ್ನೆರಡೆರಡ್ಲಿ ಇಪ್ಪತ್ನಾಲ್ಕು ಕಣೇ. ಅಷ್ಟೂ ಗೊತ್ತಿಲ್ವಾ?"

ಅವಳು ಇಂದು ಮಾತು ನುಂಗಲಿಲ್ಲ. ಹಜಾರಕ್ಕೆ ಬಂದು, ಮಾದರಿಗೆ ತಂದಿದ್ದ ಟೈಲ್ಸ್‌ಗಳಲ್ಲಿ ಒಂದನ್ನು ಬರಿನೆಲದ ಮೇಲೆ ಇಟ್ಟಳು.

"ಅಣ್ಣ, ಇದೇ ಕೋಣೆ ಅಂದ್ಕೋ. ಉದ್ದ ಎರಡರಷ್ಟು ಮಾಡು."

ಅವನು ಪಕ್ಕಕ್ಕೆ ಇನ್ನೊಂದಿಟ್ಟ.

"ಅಗಲಾನೂ ಮಾಡು."

ಮೊದಲಿನದರ ಮೇಲ್ಬದಿಗೆ ಒಂದಿಟ್ಟ. ಒಂದು ಮೂಲೆ ಬಾಯಿ ಬಿಟ್ಟುಕೊಂಡು ಕೂತಿತು. ಅವನ ಕೈ ತಾನಾಗಿಯೇ ನಾಲ್ಕನೆಯದನ್ನು ಎತ್ತಿ ಆ ಖಾಲಿ ಮೂಲೆಗೆ ಇಟ್ಟಿತು.

"ಇಪ್ಪತ್ನಾಲ್ಕು ಸಾಲು, ಸಾಲಿಗೆ ಇಪ್ಪತ್ನಾಲ್ಕು" ಎಂದಳು. "ಇಪ್ಪತ್ತು ಸಾಲಿಗೆ ನಾನೂರ ಎಂಬತ್ತು, ಮಿಕ್ಕ ನಾಲ್ಕಕ್ಕೆ ತೊಂಬತ್ತಾರು. ಒಟ್ಟು ಐನೂರ ಎಪ್ಪತ್ತಾರು. ಪೆಟ್ಟಿಗೆಗೆ ಹನ್ನೆರಡರಂತೆ ನಲವತ್ತೆಂಟು."

ದೊಡ್ಡಪ್ಪ ನಾಲ್ಕು ಟೈಲ್ಸ್ ನೋಡಿದರು, ಹಜಾರದ ಉದ್ದಗಲ ನೋಡಿದರು. ಅರ್ಧ ಹಜಾರ ಒಂದು ಬಣ್ಣ, ಇನ್ನರ್ಧ ಇನ್ನೊಂದು; ಕಟ್ಟಿಸುವವರ ಮುಂದೆ ಏನೆಂದು ಮುಖ ತೋರಿಸುವುದು? ಮತ್ತೆ ಫೋನು ಹಚ್ಚಿದರು.

"ರೀ, ಯಾರಿಗೂ ಕೊಡಬೇಡಿ. ನಲವತ್ತೆಂಟು. ಒಡೆಯೋದಕ್ಕೆ ಅಂತ ಎರಡು ಸೇರಿಸಿ ಐವತ್ತು ಕಳಿಸಿ. ಹೂಂ, ಲೆಕ್ಕ ಸರಿಯಾಗೇ ಇದೆ. ನಮ್ಮ ಹುಡುಗಿ ಹಾಕಿದ್ದು."

ಅವಳು ಎದ್ದು ನಿಂತು ಕೈ ಚಾಚಿದಳು.

"ದೊಡ್ಡಪ್ಪ, ಹಜಾರದ ಮೊದಲ ಸಾಲು ನಾನು ಕೂರಿಸ್ತೀನಿ. ಕರಣೆ ಕೊಡಿ."

ದೊಡ್ಡಪ್ಪ ತಮ್ಮ ಕೈಲಿದ್ದ ಕರಣೆಯತ್ತ ನೋಡಿದರು. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.