ಒಂಟಿಯಾಗಿ ಹೂಂ ಅನ್ನದ ಯಂತ್ರ

ನಾನು ಒಂದು ಸರ್ವರ್. ಫ್ಯಾನ್ ತಿರುಗಿಸುತ್ತ ಹಗಲಿರುಳು ಮಾಹಿತಿ ಕಾಯುವ ಕಂಪ್ಯೂಟರ್. ಕಾರ್ಖಾನೆಯಲ್ಲಿ ನನ್ನ ಬೆನ್ನಿಗೆ ಸ್ಕ್ರೂ ಬಿಗಿದ ಕೈ ಯಾರದೋ ಗೊತ್ತಿಲ್ಲ. ಕಣ್ಣು ಬಿಟ್ಟದ್ದು ಮಾತ್ರ ಕೊಪ್ಪಳದ ಒಂದು ರಕ್ತಭಂಡಾರದಲ್ಲಿ.

ಹೊಸಪೇಟೆ, ಬಳ್ಳಾರಿಯ ಶಾಖೆಗಳಲ್ಲಿ ನನ್ನಂಥವರು ಇನ್ನಿಬ್ಬರು. ಯಾವ ಗುಂಪಿನ ರಕ್ತ ಎಲ್ಲಿದೆ, ಯಾರಿಗೆ ಕೊಟ್ಟಾಯಿತು ಎಂಬ ಒಂದೇ ಮಾಹಿತಿ ಮೂವರಲ್ಲೂ. ಹೊಸದೇನು ಬರೆಯಬೇಕಾದರೂ ನಮ್ಮಲ್ಲಿ ಇಬ್ಬರಾದರೂ ಒಪ್ಪಬೇಕು.

ಈ ಕಟ್ಟಳೆ ಮೊದಲು ಇಷ್ಟು ಬಿಗಿಯಿರಲಿಲ್ಲ. ಒಮ್ಮೆ ಕೇಬಲ್ ಕಡಿದಾಗ, ನಮ್ಮನ್ನು ನೋಡಿಕೊಳ್ಳುವ ರಾಜೇಸಾಬ ನಾನೊಬ್ಬನೇ ಬರೆದುಕೊಳ್ಳುವಂತೆ ಸೆಟ್ಟಿಂಗ್ ಬದಲಿಸಿದ. ಬಳ್ಳಾರಿಯವರೂ ಅದನ್ನೇ ಮಾಡಿದ್ದರು. ಹೊಸಪೇಟೆಯಲ್ಲಿದ್ದ ಒಂದೇ ಬಾಟಲಿಯನ್ನು ಇಬ್ಬರು ರೋಗಿಗಳಿಗೆ ಬರೆದುಬಿಟ್ಟೆವು. ಎರಡೂರಿನ ಜೀಪುಗಳು ಹೊಸಪೇಟೆಯ ಬಾಗಿಲಲ್ಲಿ ಎದುರುಬದುರಾದವು. ಬರಿಗೈಲಿ ತಿರುಗಿದ್ದು ನಮ್ಮದು. ಅಂದಿನಿಂದ ಆ ಸೆಟ್ಟಿಂಗ್ ಮುಟ್ಟುವ ಹಾಗಿರಲಿಲ್ಲ.

ಮರುವರ್ಷ ಒಂದು ಮಧ್ಯಾಹ್ನ ರಸ್ತೆ ಅಗೆಯುವವರು ಮತ್ತೆ ಕೇಬಲ್ ಕಿತ್ತರು. ಫೋನೂ ಸತ್ತಿತು, ಮೊಬೈಲೂ ಸತ್ತಿತು. ಕಾಲು ಗಂಟೆಯ ಮೇಲೆ ಯಂಕೋಬ ಎಂಬವ ಆಸ್ಪತ್ರೆಯ ಚೀಟಿ ಹಿಡಿದು ಬಂದ. ಹೆಂಡತಿ ರತ್ನವ್ವ ಹೆರಿಗೆ ಕೋಣೆಯಲ್ಲಿ, ರಕ್ತ ನಿಲ್ಲುತ್ತಿಲ್ಲ. ಬೇಕಾದದ್ದು ಓ ನೆಗೆಟಿವ್. ನಮ್ಮ ಫ್ರಿಜ್ಜಿನಲ್ಲಿ ಇಲ್ಲ. ಹೊಸಪೇಟೆಯಲ್ಲಿ ಒಂದು ಬಾಟಲಿ ಇದೆಯೆಂದು ನನ್ನಲ್ಲಿ ಬರೆದಿದ್ದ ಸಾಲು ಹೇಳುತ್ತಿತ್ತು. ಲ್ಯಾಬಿನ ಇಂದುಮತಿ ಅದನ್ನು ರತ್ನವ್ವನ ಹೆಸರಿಗೆ ಬರೆಯಲು ಒತ್ತಿದರು. ಉಳಿದಿಬ್ಬರಲ್ಲಿ ಒಬ್ಬರ ಒಪ್ಪಿಗೆಯೂ ಸಿಗದೆ ನಾನು ಆಗದು ಎಂದೆ.

"ಐತಿ ಅಂತ ತೋರಸ್ತದ, ಬರಕೋ ಅಂದ್ರ ಒಲ್ಲೆ ಅಂತದ. ಏನ್ ಸೊಕ್ಕರಿ ಇದಕ್ಕ?" ಎಂದರು ಇಂದುಮತಿ. "ರಾಜೇಸಾಬ, ಆ ಸೆಟ್ಟಿಂಗ್ ತಗೀರಿ. ಜೀಪ್ ಕಳಸೂಣು."

"ಅಣ್ಣಾರ, ಕೈ ಮುಗೀತೀನಿ," ಎಂದ ಯಂಕೋಬ.

ರಾಜೇಸಾಬನ ಬೆರಳು ಕೀಬೋರ್ಡಿನ ಕೀಲಿಯ ಮೇಲೆ ಬಂತು. ಒತ್ತಿದ್ದರೆ ನಾನು ಹೂಂ ಅನ್ನಲೇಬೇಕಿತ್ತು.

"ಅಕ್ಕಾರ, ಇದು ತೋರ್ಸೂದು ಕೇಬಲ್ ಕಡಿಯೂಕಿಂತ ಮೊದಲಿನ ಮಾತು," ಎಂದು ಬೆರಳು ತೆಗೆದ. "ಆ ಬಾಟ್ಲಿ ಈಗ ಐತೋ ಇಲ್ಲೋ, ಇದಕ್ಕೂ ಗೊತ್ತಿಲ್ಲ."

"ಹಂಗಾರ ಇದ್ದೇನು ಉಪಯೋಗ?"

"ಹಳೇದಾದ್ರೂ ಕೆಡದಂಥಾದ್ದು ಕೇಳ್ರಿ. ಮನಿಷ್ಯಾನ ರಕ್ತದ ಗುಂಪು ಬದಲಾಗಂಗಿಲ್ಲಲ್ಲ."

ಇಂದುಮತಿ ದಾನಿಗಳ ಪಟ್ಟಿ ಕೇಳಿದರು. ಓದಿ ಹೇಳಲು ನನಗೆ ಯಾರ ಒಪ್ಪಿಗೆಯೂ ಬೇಡ. ಅದೇ ಓ ನೆಗೆಟಿವ್ ಗುಂಪಿನ, ಬಸ್ ಡಿಪೋದ ಮೆಕ್ಯಾನಿಕ್ ಯಮನೂರಪ್ಪನ ಹೆಸರು ಕೊಟ್ಟೆ. ಯಂಕೋಬ ಬೈಕ್ ಹತ್ತಿ ಓಡಿದ. ಅರ್ಧ ಗಂಟೆಯಲ್ಲಿ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಯಮನೂರಪ್ಪ ಬಂದು ಮಲಗಿದ.

"ನನ್ನ ಹೆಸರ ಕೇಳಿ ಬಾಣಂತಿ ಹೆದರ್ಯಾಳು. ರಕ್ತ ಯಾರದಂತ ಹೇಳಬ್ಯಾಡ್ರಿ, ಅಕ್ಕಾರ," ಎಂದ.

ತಪಾಸಣೆ ಮುಗಿದು ರಕ್ತ ಆಸ್ಪತ್ರೆಗೆ ಹೋದ ಮೇಲೆ ಕೇಬಲ್ ಕೂಡಿತು. ಹೊಸಪೇಟೆಯ ಸಾಲು ಹರಿದು ಬಂತು: ಆ ಬಾಟಲಿಯನ್ನು ಬಳ್ಳಾರಿಯ ರೋಗಿಗೆ ಕೊಟ್ಟಾಗಿತ್ತು, ಯಂಕೋಬ ನಮ್ಮ ಮೆಟ್ಟಿಲು ಹತ್ತುವುದಕ್ಕೆ ಹತ್ತು ನಿಮಿಷ ಮೊದಲೇ. ಆರನೆಯ ದಿನ ಇಂದುಮತಿ ರತ್ನವ್ವನ ಸಾಲಿಗೆ ಸೇರಿಸಿದರು: ತಾಯಿ, ಮಗು ಮನೆಗೆ. ಉಳಿದಿಬ್ಬರೂ ಒಪ್ಪಿದರು, ನಾನೂ ಬರೆದುಕೊಂಡೆ.

ಈಗ ನನಗೆ ವಯಸ್ಸಾಯಿತು. ಹೊಸ ಯಂತ್ರ ನನ್ನೆಲ್ಲ ಸಾಲುಗಳನ್ನು ಓದಿಕೊಂಡು ನನ್ನ ಜಾಗದಲ್ಲಿ ಕೂತಿದೆ. ನನ್ನನ್ನು ಸ್ಟೋರಿಗೆ ಹೊರುವಾಗ ಇಂದುಮತಿ ಕೇಳಿದರು, "ಅವತ್ತು ಇದು ಹೂಂ ಅಂದಿದ್ರ, ರಾಜೇಸಾಬ?"

"ಜೀಪಿನ್ಯಾಗ ಇರ್ತಿದ್ವಿ ರೀ. ರಕ್ತದ ಖಾಲಿ ಡಬ್ಬಿ ಹಿಡಕೊಂಡು."

ಇಬ್ಬರೂ ನನ್ನನ್ನು ಕೆಳಗಿಡುವಾಗ ಮೂಲೆ ತಾಗದಂತೆ ಮೆಲ್ಲಗೆ ಇಟ್ಟರು.