ವಿರೋಧ ಮೇಷ್ಟ್ರು

ಊರಿಗೆಲ್ಲ ಅವರು ವಿರೋಧ ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವುದರಲ್ಲಿ ಎತ್ತಿದ ಕೈ. ಪರ ಯಾರು, ವಿರೋಧ ಯಾರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಚೀಟಿಯಲ್ಲಿ ಬಂದದ್ದನ್ನು ಪ್ರಾಣ ಕೊಟ್ಟು ವಾದಿಸಬೇಕು. ನಿನಗೆ ನಿಜವಾಗಿ ಏನನ್ನಿಸುತ್ತದೆ ಎಂದು ಯಾರೂ ಯಾರನ್ನೂ ಕೇಳುವಂತಿರಲಿಲ್ಲ.

ಮನೆಯಲ್ಲೂ ಅದೇ ಆಟ. ಮಗಳು ಚಿಕ್ಕವಳಿದ್ದಾಗ ನಾಯಿ ಸಾಕಬೇಕೋ ಬೇಡವೋ ಎಂಬುದಕ್ಕೂ ಚೀಟಿ ಎತ್ತಿಸಿದ್ದರು. ನಾಯಿ ಬೇಕೇ ಬೇಕು ಎಂದು ಹಟ ಹಿಡಿದಿದ್ದ ಹುಡುಗಿಗೆ ವಿರೋಧ ಬಂತು. ಅವಳು ಕಣ್ಣೊರೆಸಿಕೊಂಡು ಎದ್ದು ನಿಂತು, ನಾಯಿಯ ವಿರುದ್ಧ ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ಆ ಮನೆಗೆ ನಾಯಿ ಬರಲೇ ಇಲ್ಲ. ಈ ಕಥೆಯನ್ನು ಮೇಷ್ಟ್ರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು, ಮಗಳು ಪಕ್ಕದಲ್ಲಿ ಕೂತು ನಗುತ್ತಿದ್ದಳು.

ನಿವೃತ್ತರಾದ ಮೇಲೆ ಊರಿನ ಟಿವಿಯವರು ಕರೆದರು. ಹವಾಮಾನ ಕೆಟ್ಟಿದೆ, ಇದು ಹಳೆಯ ನದಿಯಲ್ಲ, ದಂಡೆಯ ಒಡ್ಡು ಎತ್ತರಿಸಬೇಕು, ಕೆಳಬೀದಿಯ ಮನೆಗಳನ್ನು ಗುಡ್ಡದ ಕಡೆ ಸಾಗಿಸಬೇಕು, ಅದಕ್ಕಾಗಿ ಮನೆಮನೆಗೂ ಹೊಸ ತೆರಿಗೆ ಹಾಕಬೇಕು ಎಂಬ ಯೋಜನೆಯೊಂದು ಹುಟ್ಟಿತ್ತು. ಅದರ ಮೇಲೆ ವಾರವಾರ ಚರ್ಚೆ, ‘ಭಯವೋ, ಬಿಲ್ಲೋ?’ ಎಂದು ಹೆಸರು. ಪರವಾಗಿ ಮಾತಾಡಲು ನೀರಾವರಿ ಕಚೇರಿಯ ಎಂಜಿನಿಯರಮ್ಮ ಇದ್ದಳು, ಮೇಷ್ಟ್ರ ಹಳೆಯ ಶಿಷ್ಯೆಯೇ. ವಿರೋಧದ ಕುರ್ಚಿ ಖಾಲಿ ಬಿದ್ದಿತ್ತು. ಮೇಷ್ಟ್ರು ಯೋಚನೆ ಮಾಡಲಿಲ್ಲ, ಹೋಗಿ ಕೂತರು.

ಅವರು ಹೇಳಿದ್ದೆಲ್ಲ ಸುಳ್ಳು ಎನ್ನುವ ಹಾಗೂ ಇಲ್ಲ. ಖರ್ಚಿನ ಭಾರ ಕೊನೆಗೆ ಬೀಳುವುದು ಇಲ್ಲದವರ ತಲೆಯ ಮೇಲೆ ಎಂದರು, ನಿಜ. ಕಚೇರಿಯ ಅಂದಾಜು ಕೇಳಿದಾಗಲೆಲ್ಲ ಬದಲಾಗುತ್ತದೆ ಎಂದರು, ಅದೂ ನಿಜವೇ. ಆದರೆ ನಿಜ ಸಾಲದೇ ಹೋದ ಕಡೆ ಜನರನ್ನು ನಗಿಸಿಬಿಡಬೇಕು ಎಂಬುದು ಅವರ ಹಳೆಯ ಪಾಠ. ಅದಕ್ಕೆ ಅವಕಾಶವೂ ಒದಗಿತು. ಹೋದ ಮಳೆಗಾಲದಲ್ಲಿ ಎಂಜಿನಿಯರಮ್ಮ ಜೀಪಿಗೆ ಮೈಕು ಕಟ್ಟಿಕೊಂಡು ಕೆಳಬೀದಿಯ ತುಂಬ ಮನೆ ಬಿಡಿ ಎಂದು ಕೂಗುತ್ತ ಹೋದಳು. ಜನ ಗಂಟುಮೂಟೆ ಹೊತ್ತು ಶಾಲೆಯ ಹಜಾರದಲ್ಲಿ ಮಲಗಿದರು. ನದಿ ಒಡ್ಡಿನ ತನಕ ಬಂದು, ಮನಸ್ಸು ಬದಲಾಯಿಸಿದ ನೆಂಟರ ಹಾಗೆ ವಾಪಸು ಹೋಯಿತು. ಎಲ್ಲರಿಗೂ ಸಿಕ್ಕಿದ್ದು ಸೊಂಟನೋವು.

ಮುಂದಿನ ವಾರದ ಚರ್ಚೆಯಲ್ಲಿ ಮೇಷ್ಟ್ರು ಕುರ್ಚಿಯಿಂದೆದ್ದು, ಕಣ್ಣರಳಿಸಿ, ಕೈ ನಡುಗಿಸಿ, ಅವಳ ಸಣ್ಣ ದನಿಯಲ್ಲೇ “ಮನೆ ಬಿಡೀ! ದಯವಿಟ್ಟು ಮನೆ ಬಿಡೀ! ತಮಾಷೆ ಅಲ್ಲಾ!” ಎಂದು ಕೂಗಿದರು. ನಿರೂಪಕ ನಕ್ಕೂ ನಕ್ಕೂ ಮೇಜಿನ ಮೇಲೆ ಬಿದ್ದ. ಊರಿಗೆ ಊರೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮದುವೆ ಮನೆಗೆ ಹೋದರೂ, ಕ್ಷೌರದಂಗಡಿಗೆ ಹೋದರೂ, “ಒಂದ್ಸಲ ಮನೆ ಬಿಡಿ ಹೇಳಿ ಮೇಷ್ಟ್ರೇ” ಎಂಬ ಬೇಡಿಕೆ. ಹೇಳಿದರೆ “ಒನ್ಸ್ ಮೋರ್!” ಆ ನಗೆಯಲ್ಲಿ ಯೋಜನೆ ಕೊಚ್ಚಿಕೊಂಡು ಹೋಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮಗಳು, ಅಳಿಯ, ಪುಟ್ಟ ಮೊಮ್ಮಗಳು ಕೆಳಬೀದಿಯ ಕೊನೆಯಲ್ಲಿ, ಒಡ್ಡಿಗೆ ಅಂಟಿಕೊಂಡಂತಿದ್ದ ಮನೆಗೆ ಬಂದರು. “ಅಪ್ಪ ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಇನ್ನೇನು ಯೋಚನೆ?” ಎಂದು ಮಗಳು ಗಂಡನಿಗೆ ಹೇಳಿದ್ದು ಮೇಷ್ಟ್ರ ಕಿವಿಗೆ ಬಿತ್ತು. ಅದು ಬರೀ ವಾದವಾಗಿತ್ತಮ್ಮ ಎಂದು ಹೇಳಬೇಕೆನಿಸಿತು. ಕೈಯಲ್ಲಿ ಚಹಾ ಇತ್ತು, ಅದರ ಜೊತೆ ಮಾತನ್ನೂ ನುಂಗಿಕೊಂಡರು.

ಯೋಜನೆ ಹೋದರೂ ವಾರದ ಚರ್ಚೆ ನಿಂತಿರಲಿಲ್ಲ. ಈ ವರ್ಷದ ಮಳೆ ಹಿಡಿದದ್ದು ಬಿಡಲಿಲ್ಲ. ಚರ್ಚೆಯ ದಿನ ಮಧ್ಯಾಹ್ನ, ಟಿವಿ ಕಚೇರಿಯ ಮೇಕಪ್ ಕೋಣೆಯಲ್ಲಿ ಮೇಷ್ಟ್ರು ಕನ್ನಡಿಯ ಮುಂದೆ ಕೊರಳಿಗೆ ಟವೆಲು ಸುತ್ತಿಕೊಂಡು ಕೂತಿದ್ದರು. ಪಕ್ಕದ ಕುರ್ಚಿಗೆ ಎಂಜಿನಿಯರಮ್ಮ ಬಂದು ಕೂತಳು.

“ಏನಮ್ಮಾ, ಇವತ್ತು ಯಾವ ಭಯ ತಂದಿದ್ದೀಯಾ?” ಎಂದು ಮೇಷ್ಟ್ರು ಎಂದಿನಂತೆ ಕೆಣಕಿದರು.

ಪೌಡರ್ ಹಚ್ಚುವ ಹುಡುಗಿ ಆಚೆ ಹೋಗುವ ತನಕ ಅವಳು ಕಾದಳು. ಅವಳ ಉಗುರಿನಲ್ಲೆಲ್ಲ ಕೆಸರಿತ್ತು.

“ಸಾರ್, ನಿಮ್ಮ ಮಗಳು ಇನ್ನೂ ಕೆಳಬೀದೀಲೇ ಇದಾಳಾ?”

“ಹೂಂ. ಯಾಕೆ?”

“ಕರ್ಕೊಂಡು ಬಂದ್ಬಿಡಿ. ಈಗ್ಲೇ.”

“ಅದನ್ನ ಒಳಗೆ ಹೇಳು, ಉತ್ತರ ಕೊಡ್ತೀನಿ.”

“ಇದು ವಾದ ಅಲ್ಲ ಸಾರ್. ಮೇಲಿನ ಅಣೆಕಟ್ಟು ತುಂಬಿದೆ, ಗೇಟು ತೆಗೀಲೇಬೇಕು. ಒಡ್ಡಿನ ಬುಡದಲ್ಲಿ ಕೆಸರುನೀರು ಜಿನುಗ್ತಾ ಇದೆ. ಕೈಯಿಟ್ಟು ನೋಡ್ಕೊಂಡೇ ಬಂದೆ.”

“ಮತ್ತೆ ಮೈಕಲ್ಲಿ ಹೇಳೋಕೇನು ನಿನಗೆ?”

“ಹೋದ್ಸಲ ಹೇಳಿದ್ದಕ್ಕೆ ಏನಾಯ್ತು, ನಿಮಗೇ ಗೊತ್ತು. ಈಗ ಮೇಲಿನವರು ಒಪ್ಪದೆ ಜೀಪು ಹೊರಡೋ ಹಾಗಿಲ್ಲ. ಬೆಳಿಗ್ಗೆಯಿಂದ ಗೋಗರೀತಿದೀನಿ. ನೋಡೋಣ ನೋಡೋಣ ಅಂತಿದಾರೆ. ಮತ್ತೆ ಜನ ನಗ್ತಾರೆ ಅನ್ನೋ ಹೆದರಿಕೆ ಅವರಿಗೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮೇಷ್ಟ್ರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೆಲ್ಲಲು ಇಷ್ಟವೇ ಇಲ್ಲದವರ ಹಾಗೆ ಅವಳು ಮೆಲ್ಲಗೆ ಮಾತಾಡುತ್ತಿದ್ದಳು. ಮೇಷ್ಟ್ರು ಮಗಳಿಗೆ ಫೋನು ಹಚ್ಚಿದರು, ಹತ್ತಲಿಲ್ಲ. ಮತ್ತೆ ಹಚ್ಚಿದರೂ ಹತ್ತಲಿಲ್ಲ. ಅಷ್ಟರಲ್ಲಿ ನಿರೂಪಕ ಬಂದು ತೋಳು ಹಿಡಿದು ಎಳೆದುಕೊಂಡು ಹೋಗಿ ಕೂರಿಸಿ, ಕಾಲರಿಗೆ ಮೈಕು ಸಿಕ್ಕಿಸಿಯೇಬಿಟ್ಟ.

ಆಗ ಹೊಳೆಯಿತು. ನೇರ ಪ್ರಸಾರ. ಕೆಳಬೀದಿಯ ಮನೆಮನೆಯಲ್ಲೂ ಟಿವಿ ಹಾಕಿಕೊಂಡು ತನಗಾಗಿ ಕಾಯುತ್ತಿದ್ದಾರೆ. ಇದಕ್ಕಿಂತ ದೊಡ್ಡ ಮೈಕು ಯಾವ ಜೀಪಿಗಿದೆ? ಕ್ಯಾಮೆರಾದ ದೀಪ ಹತ್ತಿದ್ದೇ ತಡ, ಎದ್ದು ನಿಂತರು.

“ಕೆಳಬೀದಿಯವರೇ, ಮನೆ ಬಿಡಿ. ದಯವಿಟ್ಟು ಮನೆ ಬಿಡಿ.”

ನಾಲಿಗೆ ಒಣಗಿ ದನಿ ಸಣ್ಣಗಾಗಿತ್ತು. ಕಣ್ಣು ಅರಳಿತ್ತು, ಕೈ ನಡುಗುತ್ತಿತ್ತು. ಒಂದೂ ಕಡಿಮೆಯಿರಲಿಲ್ಲ. ನಿರೂಪಕ ಮೇಜು ಗುದ್ದಿ ನಕ್ಕ. ಕ್ಯಾಮೆರಾದ ಹಿಂದಿನವರೂ ನಕ್ಕರು.

“ತಮಾಷೆ ಅಲ್ಲ!” ಎಂದರು ಮೇಷ್ಟ್ರು. ನಗೆ ಇಮ್ಮಡಿಯಾಯಿತು.

“ಅವರು ಹೇಳ್ತಿರೋದು ನಿಜ,” ಎಂದಳು ಎಂಜಿನಿಯರಮ್ಮ.

“ಓಹೋ, ಗುರು ಶಿಷ್ಯೆ ಸೇರ್ಕೊಂಡೇ ಬಂದಿದೀರಾ ಇವತ್ತು!” ಎಂದು ನಿರೂಪಕ ಕಣ್ಣೊರೆಸಿಕೊಂಡು ಜಾಹೀರಾತಿಗೆ ಹೋದ.

ಮೇಷ್ಟ್ರು ಮೈಕು ಕಿತ್ತೆಸೆದು ಬಾಗಿಲಿಗೆ ಓಡಿದರು. ಹಿಂದೆಯೇ ಎಂಜಿನಿಯರಮ್ಮ ಬಂದಳು. “ನೀವು ಹೋಗಿ ಸಾರ್. ನಾನು ಜೀಪು ತರ್ತೀನಿ. ಒಪ್ಪಿಗೆ ಹಾಳಾಗಿ ಹೋಗ್ಲಿ.”

ಆಟೋದವನು ಇಳಿಜಾರಿನ ಮೇಲೆಯೇ ಇಳಿಸಿದ. ಕೆಳಬೀದಿ ಎಂದಿನ ಹಾಗೇ ಇತ್ತು, ಅದಕ್ಕೇ ಮೇಷ್ಟ್ರಿಗೆ ಹೆದರಿಕೆಯಾದದ್ದು. ಸೈಕಲ್ ರಿಪೇರಿಯವನು ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಒಣಗದ ಬಟ್ಟೆ ಹಗ್ಗದ ಮೇಲೆ ಜೋತಾಡುತ್ತಿತ್ತು. ಬೀದಿಯ ಕೊನೆಗೆ ಒಡ್ಡು, ಅದರಾಚೆಯಿಂದ ಒಂದೇ ಸಮನೆ ಗುಂಯ್ ಎಂಬ ಸದ್ದು, ಅದನ್ನು ಯಾರೂ ಕಿವಿಯ ಮೇಲೆ ಹಾಕಿಕೊಂಡಂತಿರಲಿಲ್ಲ.

“ಮೇಷ್ಟ್ರೇ, ಇವತ್ತಿಂದು ಹೋದ್ಸಲಕ್ಕಿಂತ ಜೋರು!” ಎಂದು ಕ್ಷೌರದಂಗಡಿಯವನು ಒಳಗಿನಿಂದಲೇ ಕೈ ಎತ್ತಿದ. ಮೇಷ್ಟ್ರು ನಿಲ್ಲಲಿಲ್ಲ.

ಅಳಿಯ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆಗೆದ ಮಗಳ ಕಣ್ಣಲ್ಲಿ ನಕ್ಕು ನಕ್ಕು ಬಂದ ನೀರು ಇನ್ನೂ ಇತ್ತು. “ಬಾ ಅಪ್ಪಾ. ಏನು ನಟನೆ ಮಾರಾಯಾ! ನಾನೇ ಒಂದು ಕ್ಷಣ ನಂಬಿಬಿಟ್ಟಿದ್ದೆ.”

“ಮಗೂನ ಎತ್ಕೋ. ನಡಿ. ಏನೂ ತಗೋಬೇಡ.”

ಮಗಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹಳೆಯ ತುಂಟ ನಗು ನಕ್ಕಳು. “ಓ! ಇವತ್ತು ನಿನಗೆ ಪರ ಬಂತಾ? ಸರಿ, ನನಗೆ ವಿರೋಧ.” ಸೊಂಟಕ್ಕೆ ಕೈಯಿಟ್ಟು ನಿಂತೇಬಿಟ್ಟಳು. “ನದಿ ಏರತ್ತೆ, ಇಳಿಯತ್ತೆ, ಅದು ಅದರ ಕೆಲಸ. ಹೆದರಿಸೋರಿಗೆ ಸಂಬಳ ಬರತ್ತೆ, ಹೆದರೋರಿಗೆ ಬಿಲ್ಲು ಬರತ್ತೆ. ಹೇಳು, ಇದಕ್ಕೇನು ಉತ್ತರ?”

ಯಾರಿಗೂ ಉತ್ತರ ಸಿಗಬಾರದೆಂದೇ ಮೇಷ್ಟ್ರು ಟಿವಿ ಚರ್ಚೆಗೆ ಕಟ್ಟಿದ್ದ ವಾಕ್ಯ ಅದು. ಮಗಳು ಅದನ್ನು ಒಂದಕ್ಷರ ತಪ್ಪದೆ ಹೇಳಿದ್ದಳು. ಜೀವಮಾನದಲ್ಲಿ ಮೊದಲ ಸಲ ಮಾತು ಕೈಕೊಟ್ಟಿತ್ತು. ಹೊಸ್ತಿಲ ಪಕ್ಕದಲ್ಲಿ ನೆಲದ ಮೇಲೇ ಕುಸಿದು ಕೂತರು.

“ನನಗೆ ಭಯ ಆಗ್ತಿದೆ ಮಗಳೇ.”

“ಇದು ಯಾವ ಕಡೆ ವಾದ?” ಎಂದಳು, ಆದರೆ ನಗು ಅರ್ಧಕ್ಕೆ ನಿಂತಿತ್ತು.

“ಯಾವ ಕಡೇದೂ ಅಲ್ಲ. ನಂದು.” ಹೇಗೆ ನಂಬಿಸುವುದೆಂದು ತಿಳಿಯದೆ ಅವರು ಅವಳ ಪಾದ ನೋಡುತ್ತ ಕೂತರು. ಆಮೇಲೆ ಎಲ್ಲಿಂದಲೋ ಆ ಮಾತು ಬಂತು. “ಆ ನಾಯಿ ನನಗೂ ಬೇಕಾಗಿತ್ತು ಕಣೇ. ತುಂಬಾ ಬೇಕಾಗಿತ್ತು. ನೀನು ಗೆದ್ದುಬಿಟ್ಟೆ, ನಾನು ಸುಮ್ಮನಾದೆ.”

ಮಗಳ ಕೈ ಸೊಂಟದಿಂದ ಜಾರಿತು. ಅಪ್ಪನ ಬಾಯಿಂದ ‘ನನಗೆ ಬೇಕು’ ಎಂಬುದನ್ನು ಅವಳು ಕೇಳಿದ್ದೇ ಇಲ್ಲ. ಅಪ್ಪನ ಮುಖವನ್ನು ಹತ್ತಿರದಿಂದ ನೋಡಿದಳು, ಅವಳ ಮುಖದ ಬಣ್ಣ ಇಳಿಯಿತು.

ಹಿತ್ತಿಲ ಕಡೆಯಿಂದ ಮೊಮ್ಮಗಳು ಪುಟಪುಟನೆ ಓಡಿ ಬಂದು ಮೇಷ್ಟ್ರ ಬೆರಳು ಹಿಡಿದು ಜಗ್ಗಿದಳು. ಅವಳ ಪಾದ ಒದ್ದೆಯಾಗಿತ್ತು.

“ತಾತಾ, ಬಚ್ಚಲಲ್ಲಿ ನೀರು ಕೆಳಗಿಂದ ಮೇಲಕ್ಕೆ ಬರ್ತಿದೆ. ನೋಡೋಣ ಬಾ.”

ನೋಡಲು ಯಾರೂ ಹೋಗಲಿಲ್ಲ. ಮಗಳು ಮಗುವನ್ನು ಬಾಚಿ ಎತ್ತಿಕೊಂಡು ಬರಿಗಾಲಲ್ಲೇ ಇಳಿಜಾರಿನ ಕಡೆಗೆ ಓಡಿದಳು. “ಬಾ ಅಪ್ಪಾ!” ಎಂದು ಕಿರುಚಿದಳು.

ಮೇಷ್ಟ್ರು ಹೊರಟರು, ಆದರೆ ಪಕ್ಕದ ಮನೆಯ ಬಾಗಿಲ ಮುಂದೆ ಕಾಲು ನಿಂತಿತು. ಬಾಗಿಲು ಬಡಿದರು. ಮುಂದಿನದನ್ನೂ ಬಡಿದರು. “ಮನೆ ಬಿಡಿ! ನೀರು ಬಂತು, ಮನೆ ಬಿಡಿ!” ಮೈಯಲ್ಲಿದ್ದ ಭಯವೆಲ್ಲ ದನಿಗೆ ಬಂದು, ದನಿ ಒಡೆದು ಸೀಳುತ್ತಿತ್ತು. ಮೋರಿಯ ನೀರು ಹಿಮ್ಮುಖವಾಗಿ ಉಕ್ಕಿ, ಕಂದುಬಣ್ಣಕ್ಕೆ ತಿರುಗಿ ರಸ್ತೆಗೆ ಹತ್ತುತ್ತಿತ್ತು, ಅವರ ಚಪ್ಪಲಿ ತೊಯ್ಯಿಸುತ್ತಿತ್ತು. ಜೀಪಿನ ಸದ್ದು ಎಲ್ಲೂ ಇರಲಿಲ್ಲ.

ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಮುಖಗಳು ಕಾಣಿಸಿಕೊಂಡವು. ಟಿವಿಯಲ್ಲಿ ಬರುವವರು ತಮ್ಮ ಬೀದಿಗೇ ಬಂದಿದ್ದಾರೆಂದು ಎಲ್ಲರ ಮುಖದಲ್ಲೂ ಸಂತೋಷ. ಯಾರೋ ಮಕ್ಕಳನ್ನು ಎತ್ತಿ ತೋರಿಸಿದರು. ಕ್ಷೌರದಂಗಡಿಯವನು ಬಾಚಣಿಗೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಬಂದು ನಿಂತು, ಚಪ್ಪಾಳೆ ತಟ್ಟಿ ಗಟ್ಟಿಯಾಗಿ ಹೇಳಿದ.

“ಒನ್ಸ್ ಮೋರ್, ಮೇಷ್ಟ್ರೇ!”

ಮೇಷ್ಟ್ರು ಇನ್ನೊಂದು ಸಲ ಕೂಗಿದರು.