ಮೊಟ್ಟೆ ಮುಚ್ಚಳದ ಸಿಲಿಂಡರ್

ಆ ಶಾಲೆಯಲ್ಲಿ ಸಿಲಿಂಡರ್ ಆಕಾರ ಕಲಿಸೋಕೆ ಇದ್ದದ್ದು ಒಂದೇ ದಾರಿ. ಗೋಡೆ ಮೇಲಿನ ಚಾರ್ಟ್ ತೋರಿಸೋದು, ಮಕ್ಕಳ ಕೈಲಿ ಹಾಗೇ ಬರೆಸೋದು, ಮುಗೀತು. ಮರದಲ್ಲಿ ಮಾಡಿದ ಚೆಂದದ ಆಕಾರಗಳು ಇರಲಿಲ್ಲವಾ ಅಂದರೆ, ಇದ್ದವು. ಗಾಜಿನ ಬೀರುವಿನಲ್ಲಿ, ಬೀಗದೊಳಗೆ. ಮುಟ್ಟಿದರೆ ಬಣ್ಣ ಹೋಗುತ್ತಂತೆ. ನೋಡೋಕೆ ಬಂದ ದೊಡ್ಡವರಿಗೆ ಬೇಕಂತೆ, ಕಲಿಯೋಕೆ ಬಂದ ಮಕ್ಕಳಿಗೆ ಬೇಡವಂತೆ. ಇದೆಂಥ ನ್ಯಾಯವೋ!

ಐದು ವರ್ಷದ ಮಕ್ಕಳ ಟೀಚರ್ ಇದಕ್ಕೆಲ್ಲ ಸೊಪ್ಪು ಹಾಕುವ ಹೆಂಗಸಲ್ಲ. ಸ್ಟಾಫ್ ರೂಮಿನಲ್ಲಿ ಅವಳಿಗೆ ಸಿಡುಕಿ ಅಂತಲೇ ಹೆಸರು. "ಉರುಳಿಸಿದರೆ ಉರುಳಬೇಕು, ನಿಲ್ಲಿಸಿದರೆ ನಿಲ್ಲಬೇಕು. ಅಂಥದ್ದೊಂದು ಮನೆಯಿಂದ ತನ್ನಿ" ಅಂತ ಮಕ್ಕಳಿಗೆ ಹೇಳಿ ಕಳಿಸಿದಳು.

"ಸಿಲಿಂಡರ್ ಅಂದ್ರೆ ಗ್ಯಾಸ್, ಟೀಚರ್!" ಅಂತ ಹಿಂದಿನ ಬೆಂಚಿನವನು ಕೂಗಿದ.

"ಅದನ್ನ ಹೊತ್ಕೊಂಡು ಬರಬೇಡ ಮಾರಾಯ, ಬೆನ್ನು ಮುರಿದೀತು."

ಮರುದಿನ ತರಗತಿ ಸಂತೆಯಾಯಿತು. ಪೌಡರ್ ಡಬ್ಬಿ, ಟಾರ್ಚಿನ ಸೆಲ್ಲು, ಬಟ್ಟೆ ಸುತ್ತಿದ್ದ ರಟ್ಟಿನ ಕೊಳವೆ. ಒಬ್ಬ ಚೆಂಡು ತಂದಿದ್ದ. ನಿಲ್ಲಿಸಿ ನಿಲ್ಲಿಸಿ ಸೋತು, "ಇದಕ್ಕೆ ಕೂರೋಕೆ ತಳನೇ ಇಲ್ಲ" ಅಂತ ತಾನೇ ಒಪ್ಪಿಕೊಂಡ. ಮೋಟುಜಡೆ ಅಂತ ಎಲ್ಲರೂ ಕರೆಯುವ ಹುಡುಗಿ ಬಿಸ್ಕತ್ತಿನ ಉದ್ದ ಡಬ್ಬಿ ತಂದಿದ್ದಳು. ಅದನ್ನು ನೆಲದ ಮೇಲೆ ನಿಲ್ಲಿಸಿ, ಕೆನ್ನೆ ನೆಲಕ್ಕೆ ಒತ್ತಿ ಪಕ್ಕದಿಂದ ನೋಡಿದಳು. ಆಮೇಲೆ ಬೆಂಚು ಹತ್ತಿ ಮೇಲಿನಿಂದ ಇಣುಕಿದಳು. ಟೀಚರಿಗೆ ಹೊಟ್ಟೆ ತುಂಬಿದಷ್ಟು ಖುಷಿಯಾಯಿತು.

ಖುಷಿ ಇದ್ದದ್ದು ಪರೀಕ್ಷೆಯವರೆಗೆ. ಬೇರೆ ಮಕ್ಕಳೆಲ್ಲ ಚಾರ್ಟ್ ನೋಡಿ ಬರೆದರು. ಮೋಟುಜಡೆ ಒಂದು ದುಂಡನೆ ವೃತ್ತ ಬರೆದು, ಪಕ್ಕದಲ್ಲಿ ಬಾಗಿಲಿನಂಥ ಒಂದು ಚೌಕಟ್ಟು ಬರೆದಳು. ಒಂದು ಮೇಲಿಂದ ಕಂಡದ್ದು, ಇನ್ನೊಂದು ಪಕ್ಕದಿಂದ ಕಂಡದ್ದು. ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ಅದರ ಮೇಲೆ ಕೆಂಪು ಗೀಟು ಎಳೆದರು. "ಎದುರಿಗಿರೋ ಚಿತ್ರ ನೋಡಿ ಬರೆಯೋಕೂ ಬರಲ್ಲ. ಇನ್ನೊಂದು ವರ್ಷ ಇದೇ ತರಗತಿಯಲ್ಲಿ ಕೂರಲಿ."

ಅಂದಿನಿಂದ ಆ ಹುಡುಗಿ ಪೆನ್ಸಿಲ್ ಮುಟ್ಟಲಿಲ್ಲ. ಏನು ಕೇಳಿದರೂ "ನಂಗೆ ಬರಲ್ಲ." ಟೀಚರಿಗೆ ಸಿಟ್ಟು ನೆತ್ತಿಗೇರಿದ್ದು ಆ ಮಾತಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಮೋಟುಜಡೆಯ ಅಪ್ಪನಿಗೆ ಕರೆ ಹೋಯಿತು. ಬಸ್ ಡ್ರೈವರ್. ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದವನು ಮಗಳ ಕೈ ಹಿಡಿದು ಆಫೀಸಿನ ಹೊರಗೆ ನಿಂತಿದ್ದ.

"ಬಿಡಿ ಟೀಚರ್. ನಮ್ಮ ಮನೇಲಿ ಯಾರಿಗೂ ಓದು ಹತ್ತಿಲ್ಲ. ಇವಳೂ ದಡ್ಡಿಯೇ ಇರಬೇಕು."

"ಮಗು ಮುಂದೆ ಇಂಥ ಮಾತಾಡ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?" ಅಂದುಬಿಟ್ಟಳು. ಅವನು ತಲೆ ತಗ್ಗಿಸಿದ.

ಮೂವರೂ ಒಳಗೆ ಹೋದರು. ದೊಡ್ಡ ಮೇಡಂ ಚಾರ್ಟನ್ನು ಮೇಜಿನ ಮೇಲೆ ಹರಡಿದ್ದರು. "ನಾನೇನು ರಾಕ್ಷಸಿ ಅಲ್ಲ. ಇದನ್ನ ನೋಡಿ ಈಗ ಬರೆಯಲಿ, ಪಾಸ್ ಮಾಡ್ತೀನಿ."

ಟೀಚರ್ ಮನಸ್ಸು ಹೊಯ್ದಾಡಿತು. ಎರಡು ಉದ್ದ ಗೆರೆ, ಮೇಲೊಂದು ಕೆಳಗೊಂದು ಚಪ್ಪಟೆ ಸುತ್ತು, ಎಷ್ಟರ ಕೆಲಸ? ವರ್ಷ ಉಳಿಯುತ್ತೆ. ಪೆನ್ಸಿಲನ್ನು ಅವಳೇ ಹುಡುಗಿಯ ಕೈಗಿಟ್ಟಳು. "ಬರಿ ಕಂದಾ. ಇದರಲ್ಲಿ ಇರೋ ಹಾಗೇ ಬರಿ."

ಮೋಟುಜಡೆ ಚಾರ್ಟ್ ನೋಡಿದಳು. ಮೇಜಿನ ಮೇಲೆ ಮೇಡಂ ಪೆನ್ನು ಇಡುವ ಡಬ್ಬಿಯಿತ್ತು. ಪೆನ್ನುಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು, ಡಬ್ಬಿ ಬೋರಲು ಹಾಕಿ, ಅದರ ಅಂಚಿನ ಸುತ್ತ ಬೆರಳಾಡಿಸಿದಳು.

"ಇದು ದುಂಡಗಿದೆ. ಚಿತ್ರದಲ್ಲಿ ಮುಚ್ಚಳಕ್ಕೆ ಮೊಟ್ಟೆ ಬರ್ದಿದಾರೆ. ಮೊಟ್ಟೆ ಮುಚ್ಚಳ ಹಾಕಿದ್ರೆ ಡಬ್ಬಿ ಮುಚ್ಚಲ್ಲ."

ದಿನಾ ಗೋಡೆ ಮೇಲೆ ಅದೇ ಚಾರ್ಟ್ ನೋಡುತ್ತ ಬಂದ ಟೀಚರಿಗೇ ಇದು ಹೊಳೆದಿರಲಿಲ್ಲ, ನೋಡಿ.

"ಓರೆಯಾಗಿ ನೋಡಿದ್ರೆ ಹಾಗೆ ಕಾಣುತ್ತೆ, ನಿಂಗೆ ಅರ್ಥ ಆಗಲ್ಲ" ಅಂದರು ಮೇಡಂ. "ತಪ್ಪು ಅನ್ನಿಸಿದ್ರೂ ಸರಿ, ಹಾಗೇ ಬರಿ."

"ಬರೆಯಲ್ಲ."

"ನೋಡಿದ್ರಾ ಮೊಂಡುತನ?"

ಟೀಚರ್ ಹುಡುಗಿಯ ಕೈಯಿಂದ ಪೆನ್ಸಿಲ್ ವಾಪಸ್ ತೆಗೆದುಕೊಂಡಳು. "ಬರೆಯೋದು ಬೇಡ" ಅಂತ ಕಡ್ಡಿ ಮುರಿದ ಹಾಗೆ ಹೇಳಿದಳು. "ಕೊಟ್ಟಿದ್ದು ನನ್ನ ತಪ್ಪು."

"ಹಾಗಾದ್ರೆ ಇನ್ನೊಂದು ವರ್ಷ ಇದೇ ತರಗತಿ" ಅಂತ ಮೇಡಂ ಎದ್ದರು.

ಆಗ ಡ್ರೈವರ್ ಬಾಯಿಬಿಟ್ಟ. ಧ್ವನಿ ಏರಿಸಲಿಲ್ಲ. "ಒಂದು ನಿಮಿಷ ಮೇಡಂ. ತಪ್ಪು ಅನ್ನಿಸಿದ್ರೂ ಹಾಗೇ ಬರಿ ಅಂದ್ರಲ್ಲ. ಆ ಮಾತನ್ನ ಒಂದು ಹಾಳೆ ಮೇಲೆ ಬರೆದು ಸಹಿ ಹಾಕಿ ಕೊಡಿ. ಯಾಕೆ ಫೇಲ್ ಮಾಡಿದ್ರು ಅಂತ ಇವಳು ದೊಡ್ಡೋಳಾದ ಮೇಲೆ ಕೇಳಿದ್ರೆ, ನಾನು ತೋರಿಸ್ಬೇಕಲ್ಲ."

ಮೇಡಂ ಕುರ್ಚಿಗೆ ವಾಪಸ್ ಕೂತರು. ಪೆನ್ನು ಎತ್ತಿಕೊಂಡರು, ಕೆಳಗಿಟ್ಟರು. ತಪ್ಪನ್ನೇ ಬರಿ ಅಂದೆ ಅಂತ ಸಹಿ ಹಾಕಿ ಕೊಡೋದೇನು ಸುಮ್ಮನೆಯಾ! ಕೊನೆಗೆ ಚಾರ್ಟ್ ಸುತ್ತುತ್ತ, "ಕರ್ಕೊಂಡು ಹೋಗಿ ತರಗತಿಗೆ" ಅಂತ ಗೊಣಗಿದರು.

ಟೀಚರ್ ಜಾಗ ಬಿಟ್ಟು ಕದಲಲಿಲ್ಲ. "ಯಾವ ತರಗತಿಗೆ ಅಂತ ಬಾಯಿಬಿಟ್ಟು ಹೇಳಿ ಮೇಡಂ. ಮಗು ಕೇಳಿಸ್ಕೋಬೇಕು."

"ಮುಂದಿನ ತರಗತಿಗೆ."

"ಅವಳ ಕಡೆ ತಿರುಗಿ ಹೇಳಿ."

ಮೇಡಂ ತಿರುಗಿ ಹೇಳಿದರು.